ಯಾರದೋ ವಹಿವಾಟು, ನಿಮ್ಮ ಪ್ಯಾನ್

ಗೃಹಲಕ್ಷ್ಮಿಯ ಎರಡು ಸಾವಿರ ಯಾಕೆ ಬರಲಿಲ್ಲ ಎಂದು ವಿಚಾರಿಸಲು ಹೋದ ಮನೆಯೊಡತಿಗೆ, ನಿಮ್ಮ ಹೆಸರು ತೆರಿಗೆದಾರರ ಪಟ್ಟಿಯಲ್ಲಿದೆ ಎಂಬ ಉತ್ತರ ಸಿಗುವುದುಂಟು. ಯೋಜನೆಯ ನಿಯಮದ ಪ್ರಕಾರ ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ. ಕೂಲಿ ಮಾಡುವ ಮನೆಗೆ ಜಿಎಸ್‌ಟಿ ಎಲ್ಲಿಂದ ಬಂತು? ಸಾಮಾನ್ಯವಾಗಿ ಮೂರರಲ್ಲೊಂದು ಕಾರಣ. ಪಟ್ಟಿಗೆ ಪಟ್ಟಿ ಹೊಂದಿಸುವಾಗ ಆದ ತಪ್ಪು. ಗಾಡಿ ಸಾಲಕ್ಕೆಂದು ಏಜೆಂಟನೊಬ್ಬ ಯಾವಾಗಲೋ ಹಾಕಿಸಿದ್ದ ರಿಟರ್ನ್. ಇಲ್ಲವೇ ಆ ಪ್ಯಾನ್ ಸಂಖ್ಯೆಯ ಮೇಲೆ ಯಾರೋ ಎಲ್ಲೋ ವ್ಯಾಪಾರ ನೋಂದಾಯಿಸಿದ್ದಾರೆ. ಮೂರನೆಯದಾಗಿದ್ದರೆ, ಈಗಲೇ ತಿಳಿದದ್ದು ಆ ಮನೆಯ ಅದೃಷ್ಟ. ಹೆಚ್ಚಿನವರಿಗೆ ತಿಳಿಯುವುದು ನಾಲ್ಕೈದು ವರ್ಷ ಕಳೆದು, ಲಕ್ಷಗಟ್ಟಲೆ ಬೇಡಿಕೆಯ ಆದೇಶ ಹೊರಬಿದ್ದ ಮೇಲೆ ಅಥವಾ ಬ್ಯಾಂಕ್ ಖಾತೆಯಿಂದ ಹಣ ತೆಗೆಯಲು ಹೋಗಿ ಬರಿಗೈಯಲ್ಲಿ ಬಂದ ಮೇಲೆ.

ತೆರಿಗೆಯ ಗುರುತಿನ ಕಳವು ಎಂದರೆ ಅಮೆರಿಕದಲ್ಲಿ ಒಂದು ಸಿದ್ಧ ಮಾದರಿ ಇದೆ: ಬೇರೆಯವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಹಾಕಿ, ಅವರಿಗಿಂತ ಮೊದಲೇ ಸುಳ್ಳು ರಿಟರ್ನ್ ಸಲ್ಲಿಸಿ, ರೀಫಂಡ್ ಹೊಡೆಯುವುದು. ನಮ್ಮಲ್ಲಿ ಅದು ಅಷ್ಟು ಸಲೀಸಲ್ಲ. ರೀಫಂಡ್ ಹೋಗುವುದು ಪ್ಯಾನ್‌ನಲ್ಲಿರುವ ಹೆಸರಿಗೆ ಹೊಂದುವ, ಮೊದಲೇ ಊರ್ಜಿತಗೊಳಿಸಿದ ಖಾತೆಗೆ. ದೃಢೀಕರಣ (ವೆರಿಫಿಕೇಷನ್) ಆಗದ ರಿಟರ್ನ್ ಲೆಕ್ಕಕ್ಕೇ ಇಲ್ಲ. ಹಾಗಾಗಿ ನಮ್ಮ ಕಡೆಯ ಕಳ್ಳ ಬೇರೆ ದಾರಿ ಹಿಡಿದ. ಅವನು ನಿಮ್ಮಿಂದ ಏನನ್ನೂ ಒಯ್ಯುವುದಿಲ್ಲ. ತನ್ನ ವಹಿವಾಟನ್ನು ನಿಮ್ಮ ಹೆಸರಿನ ಮೇಲೆ ಹೇರಿ ಹೋಗುತ್ತಾನೆ. ಏನೂ ಕಳೆದುಹೋಗಿಲ್ಲವಾದ್ದರಿಂದ ಕಳವಾದದ್ದೂ ಗೊತ್ತಾಗುವುದಿಲ್ಲ. ಗೊತ್ತಾದ ದಿನ, ನೀವು ಮಾಡದ ವ್ಯಾಪಾರವನ್ನು ಮಾಡಿಲ್ಲವೆಂದು ಸಾಬೀತು ಮಾಡುವ ಹೊರೆ ನಿಮ್ಮದಾಗಿರುತ್ತದೆ. ಈ ಬರಹದ ಬಹುಭಾಗ ಆ ಹೊರೆಯ ಬಗ್ಗೆಯೇ.

ಈ ಪೈಕಿ ಅತಿ ಹೆಚ್ಚು ಹಾನಿ ಮಾಡುವುದು ನಕಲಿ ಜಿಎಸ್‌ಟಿ ನೋಂದಣಿ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ನಿಮ್ಮ ಪ್ಯಾನ್, ಹದಿಮೂರನೆಯದು ಅದೇ ಪ್ಯಾನಿನ ಮೇಲೆ ಆ ರಾಜ್ಯದಲ್ಲಿ ಇದು ಎಷ್ಟನೇ ನೋಂದಣಿ ಎಂಬುದು. ಅಂದರೆ ಒಂದೇ ಪ್ಯಾನ್ ಮೇಲೆ ನೀವು ಕಾಲಿಟ್ಟಿರದ ರಾಜ್ಯಗಳಲ್ಲೂ ನೋಂದಣಿ ಪಡೆಯಬಹುದು. ನೋಂದಣಿ ಸಿಕ್ಕಮೇಲೆ ಸರಕು ಬೇಕಿಲ್ಲ, ಗೋದಾಮು ಬೇಕಿಲ್ಲ, ಬಿಲ್ ಪುಸ್ತಕ ಸಾಕು. ಒಂದು ಕೋಟಿಯ ಸುಳ್ಳು ಬಿಲ್ಲಿಗೆ 18% ಲೆಕ್ಕದಲ್ಲಿ 18 ಲಕ್ಷದ ಹೂಡುವಳಿ ತೆರಿಗೆ ಕ್ರೆಡಿಟ್ (ಖರೀದಿಯ ಮೇಲೆ ಆಗಲೇ ಕಟ್ಟಿದ್ದೇವೆಂದು ತೋರಿಸುವ ತೆರಿಗೆಯ ಜಮೆ) ಇನ್ನೊಬ್ಬರ ಲೆಡ್ಜರಿಗೆ ಹೋಗುತ್ತದೆ. ಅವರು ಅದನ್ನು ತಮ್ಮ ತೆರಿಗೆಗೆ ವಜಾ ಮಾಡಿಕೊಳ್ಳುತ್ತಾರೆ, ಬಿಲ್ ಕೊಟ್ಟವನಿಗೆ ಕಮಿಷನ್. ಕೆಲವು ತಿಂಗಳಾದ ಮೇಲೆ ಬಿಲ್ ಕೊಟ್ಟವನು ಮಾಯ. ಕಡತದಲ್ಲಿ ಉಳಿಯುವವರು ಪ್ಯಾನ್ ಇದ್ದವರು.

ಇಲ್ಲಿ ಬಲಿಯಾಗುವವರು ಒಬ್ಬರಲ್ಲ. ವ್ಯಾಪಾರದ ಸ್ಥಳಕ್ಕೆ ಪುರಾವೆ ಬೇಕಲ್ಲ, ಅದಕ್ಕೆ ಬೇರೆ ಯಾರದೋ ಮನೆಯ ಕರೆಂಟ್ ಬಿಲ್ಲು, ಅದರ ಮೇಲೊಂದು ಸೃಷ್ಟಿಸಿದ ಬಾಡಿಗೆ ಕರಾರು. ಆ ಮನೆಗೂ ಒಂದು ದಿನ ಅಧಿಕಾರಿಗಳು ಬರುತ್ತಾರೆ. ಕೇಂದ್ರ ಮತ್ತು ರಾಜ್ಯಗಳು ಸೇರಿ 2023ರ ಮೇ 16ರಿಂದ ಜುಲೈ 15ರವರೆಗೆ, ಮತ್ತೆ 2024ರ ಆಗಸ್ಟ್ 16ರಿಂದ ಅಕ್ಟೋಬರ್ 15ರವರೆಗೆ ದೇಶದಾದ್ಯಂತ ನಕಲಿ ನೋಂದಣಿ ಪತ್ತೆಗೆ ವಿಶೇಷ ಕಾರ್ಯಾಚರಣೆ ನಡೆಸಿದ್ದು ಸುಮ್ಮನೆ ಅಲ್ಲ. ಈಗ ಸಂಶಯ ಮೂಡಿಸುವ ಅರ್ಜಿದಾರರನ್ನು ಜಿಎಸ್‌ಟಿ ಸುವಿಧಾ ಕೇಂದ್ರಕ್ಕೆ ಕರೆದು ಬಯೋಮೆಟ್ರಿಕ್ ಆಧಾರ್ ದೃಢೀಕರಣ ಮಾಡಿಸುತ್ತಾರೆ. ಒಳ್ಳೆಯದೇ, ಆದರೆ ಹಿಂದೆ ಆಗಿಹೋದ ನೋಂದಣಿಗಳ ಬಾಲ ಇನ್ನೂ ಹಲವು ವರ್ಷ ಬೆನ್ನಟ್ಟುತ್ತದೆ.

ಉಳಿದ ವಿಧಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ಲಕ್ಷಕ್ಕಿಂತ ಹೆಚ್ಚಿನ ಒಡವೆ ಖರೀದಿಗೆ ಪ್ಯಾನ್ ಕೊಡಬೇಕು. ಕೊಡಲು ಮನಸ್ಸಿಲ್ಲದವರು ಕೈಗೆ ಸಿಕ್ಕ ಇನ್ನಾರದೋ ಪ್ಯಾನ್ ಬರೆಸುತ್ತಾರೆ. ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ ಮನೆ ಬಾಡಿಗೆ ಭತ್ಯೆಯ, ಅಂದರೆ ಎಚ್‌ಆರ್‌ಎ ವಿನಾಯಿತಿ ಪಡೆಯಬೇಕಾದರೆ ಮನೆ ಮಾಲೀಕರ ಪ್ಯಾನ್ ಬೇಕು. ಅಲ್ಲಿ ಮನೆಯೇ ಇಲ್ಲದವರ ಪ್ಯಾನ್ ಬಂದು ಕೂರುತ್ತದೆ. 2024ರ ಏಪ್ರಿಲ್‌ನಲ್ಲಿ ನೇರ ತೆರಿಗೆ ಮಂಡಳಿಯೇ ಬಾಡಿಗೆ ಕೊಟ್ಟವರ ಲೆಕ್ಕಕ್ಕೂ ಪಡೆದವರ ಲೆಕ್ಕಕ್ಕೂ ತಾಳೆಯಾಗದ ಪ್ರಕರಣಗಳಿವೆ ಎಂದು ಹೇಳಿತ್ತು. ಇನ್ನು ನಿಮ್ಮ ಹೆಸರಲ್ಲಿ ತೆರೆದ ಬ್ಯಾಂಕ್ ಖಾತೆ, ಆ್ಯಪ್ ಸಾಲ, ಯಾವುದೋ ಕಂಪನಿಯಲ್ಲಿ ನಿಮಗೇ ಗೊತ್ತಿಲ್ಲದ ನಿರ್ದೇಶಕ ಹುದ್ದೆ. ಉಳಿತಾಯ ಖಾತೆಗೆ ವರ್ಷದಲ್ಲಿ ಹತ್ತು ಲಕ್ಷ ಅಥವಾ ಹೆಚ್ಚು ನಗದು ಬಿದ್ದರೆ, ಮೂವತ್ತು ಲಕ್ಷ ಅಥವಾ ಹೆಚ್ಚಿನ ಆಸ್ತಿ ಕೈ ಬದಲಿಸಿದರೆ, ಬ್ಯಾಂಕು ಮತ್ತು ಸಬ್‌ರಿಜಿಸ್ಟ್ರಾರ್ ಕಚೇರಿ ಆ ವಿವರವನ್ನು ಪ್ಯಾನ್ ಸಮೇತ ಆದಾಯ ತೆರಿಗೆ ಇಲಾಖೆಗೆ ಕಳಿಸುತ್ತವೆ. ನೋಟಿಸ್ ಹುಟ್ಟುವುದು ಅಲ್ಲಿಂದ.

ಒಂದನ್ನು ಬೇರೆ ಇಡಬೇಕು. 2025ರ ಜುಲೈನಲ್ಲಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕೊಟ್ಟ ನೋಟಿಸುಗಳು ಗುರುತಿನ ಕಳವಿನವಲ್ಲ. ಅಲ್ಲಿ ಹಣ ಬಂದದ್ದು ಅವರ ಖಾತೆಗೇ. ಜಗಳ ಇದ್ದದ್ದು ಅದರಲ್ಲಿ ಎಷ್ಟು ತೆರಿಗೆಗೆ ಬರುತ್ತದೆ ಎಂಬುದರ ಮೇಲೆ. ಅಂಥ ನೋಟಿಸಿಗೆ "ನನ್ನ ಪ್ಯಾನ್ ದುರ್ಬಳಕೆಯಾಗಿದೆ" ಎಂದು ಬರೆದುಕೊಟ್ಟರೆ ಕೆಲಸ ಕೆಡುತ್ತದೆ.

ಇಷ್ಟೆಲ್ಲ ಆಗುವಾಗ ಮಾಲೀಕರಿಗೆ ಒಂದು ಎಸ್‌ಎಂಎಸ್ ಕೂಡ ಯಾಕೆ ಬರುವುದಿಲ್ಲ? ಪ್ಯಾನ್ ಅರ್ಜಿ ತುಂಬಿದ್ದು ಯಾರು ಎಂದು ನೆನಪಿಸಿಕೊಳ್ಳಿ. ಊರಿನ ಸೈಬರ್ ಸೆಂಟರಿನಲ್ಲೋ ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲೋ ಕೂತವರು ತಮ್ಮದೇ ಮೊಬೈಲ್ ನಂಬರು, ತಮ್ಮದೇ ಇಮೇಲ್ ಹಾಕಿರುತ್ತಾರೆ. ಓಟಿಪಿ ಬೇಗ ಬರಲಿ, ಗಿರಾಕಿಯನ್ನು ಕಾಯಿಸುವುದು ಬೇಡ ಎಂಬುದಷ್ಟೇ ಅವರ ಉದ್ದೇಶ ಇರಬಹುದು. ಆದರೆ 2022ರ ಕೊನೆಯ ತಿದ್ದುಪಡಿಯ ನಂತರ ಜಿಎಸ್‌ಟಿ ನೋಂದಣಿಯ ಓಟಿಪಿ ಹೋಗುವುದು ಪ್ಯಾನ್ ಜೊತೆ ಜೋಡಿಸಿದ ಮೊಬೈಲಿಗೆ ಮತ್ತು ಇಮೇಲಿಗೆ. ಪ್ಯಾನ್ ಮಾಲೀಕರನ್ನು ಕಾಯಬೇಕಾದ ಆ ಬೀಗದ ಕೀಲಿಕೈ ಹೀಗೆ ಬೇರೆಯವರ ಜೇಬಿನಲ್ಲಿ ಕೂತಿರುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರ. ರಿಟರ್ನ್ ಹಾಕುವಷ್ಟು ಆದಾಯವಿಲ್ಲದವರು ಆದಾಯ ತೆರಿಗೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನೋಂದಣಿಯನ್ನೇ ಮಾಡಿಕೊಂಡಿರುವುದಿಲ್ಲ. ಪ್ಯಾನ್, ಹೆಸರು, ಹುಟ್ಟಿದ ದಿನ, ಒಂದು ಮೊಬೈಲ್, ಒಂದು ಇಮೇಲ್ ಇದ್ದವರು ಆ ಖಾಲಿ ಜಾಗಕ್ಕೆ ಬಂದು ಕೂರಬಹುದು. ಆಮೇಲೆ ಇಲಾಖೆ ಕಳಿಸುವ ಪ್ರತಿ ಪತ್ರ ಆ ಇಮೇಲಿಗೆ. 1961ರ ಆದಾಯ ತೆರಿಗೆ ಕಾಯ್ದೆಯ 282ನೇ ಸೆಕ್ಷನ್ ಇಮೇಲ್ ಮೂಲಕ ಜಾರಿ ಮಾಡಿದ್ದನ್ನೂ ಜಾರಿ ಎಂದೇ ಒಪ್ಪುತ್ತದೆ. ಕಳ್ಳ ಉತ್ತರ ಕೊಡುವುದಿಲ್ಲ, ಅಧಿಕಾರಿ ಕಾಯುವುದಿಲ್ಲ. 144ನೇ ಸೆಕ್ಷನ್ ಪ್ರಕಾರ ತಮ್ಮ ತಿಳಿವಿಗೆ ತೋಚಿದಂತೆ ಏಕಪಕ್ಷೀಯವಾಗಿ ತೆರಿಗೆ ನಿರ್ಧರಿಸುತ್ತಾರೆ.

ಆದ್ದರಿಂದ ಈ ಬರಹದಲ್ಲಿ ಒಂದೇ ಒಂದು ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ: ತೆರಿಗೆ ಇರಲಿ ಇಲ್ಲದಿರಲಿ, ಪ್ಯಾನ್ ಇದ್ದವರೆಲ್ಲ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಸ್ವಂತ ಮೊಬೈಲಿನಿಂದ ನೋಂದಾಯಿಸಿಕೊಳ್ಳಬೇಕು. ಅಪ್ಪ, ಅಮ್ಮ, ಊರಲ್ಲಿರುವ ಅಜ್ಜಿ, ಎಲ್ಲರದ್ದೂ. ಮೊದಲೇ ನೋಂದಣಿಯಾಗಿದೆ ಎಂದು ತೋರಿಸಿದರೆ ಗಾಬರಿ ಬೇಡ. ಪಾಸ್‌ವರ್ಡ್ ಮರೆತಿದೆ ಎಂಬ ಆಯ್ಕೆಯಲ್ಲಿ ಆಧಾರ್ ಓಟಿಪಿ ಬಳಸಿ ಖಾತೆ ವಶಕ್ಕೆ ಪಡೆಯಬಹುದು. ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲಿರಬೇಕು. ಒಳಹೊಕ್ಕ ಕೂಡಲೇ ಪ್ರೊಫೈಲ್‌ನಲ್ಲಿರುವ ಮೊಬೈಲ್ ಮತ್ತು ಇಮೇಲನ್ನು ಸ್ಕ್ರೀನ್‌ಶಾಟ್ ತೆಗೆದುಕೊಂಡು ಆಮೇಲೆ ಬದಲಾಯಿಸಿ. ಕಳ್ಳನ ನಂಬರ್ ಸಿಗುವ ಜಾಗ ಅದೇ. ಮೊದಲು ಅಳಿಸಿಬಿಟ್ಟರೆ ಪೊಲೀಸರಿಗೆ ಕೊಡಲು ಏನೂ ಉಳಿಯುವುದಿಲ್ಲ. ಬಳಿಕ ಇ-ಫೈಲಿಂಗ್ ವಾಲ್ಟ್‌ನಲ್ಲಿ ಲಾಗಿನ್‌ಗೆ ಆಧಾರ್ ಓಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಕಡ್ಡಾಯ ಮಾಡಿ. ಪ್ಯಾನ್ ದಾಖಲೆಯಲ್ಲೇ ಏಜೆಂಟನ ನಂಬರ್ ಇದ್ದರೆ ಪ್ರೋಟಿಯನ್ ಅಥವಾ ಯುಟಿಐನವರ ಪ್ಯಾನ್ ಸೇವೆಯಲ್ಲಿ ತಿದ್ದುಪಡಿ ಅರ್ಜಿ ಹಾಕಿ. ಖರ್ಚು ನೂರು ರೂಪಾಯಿ ಆಸುಪಾಸು.

ಇನ್ನು ಹುಡುಕಾಟ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಮೂಲಕ ತೆರಿಗೆದಾರರನ್ನು ಹುಡುಕುವ ಪುಟವಿದೆ. ಪ್ಯಾನ್, ಕ್ಯಾಪ್ಚಾ, ಅಷ್ಟೇ. ಆ ಪ್ಯಾನ್ ಮೇಲೆ ದೇಶದಲ್ಲಿರುವ ಎಲ್ಲ ನೋಂದಣಿಗಳೂ ರಾಜ್ಯದ ಹೆಸರಿನೊಂದಿಗೆ ಬರುತ್ತವೆ. ಒಂದೊಂದನ್ನೂ ಒತ್ತಿದರೆ ವ್ಯಾಪಾರದ ಹೆಸರು, ನೋಂದಣಿ ದಿನಾಂಕ, ಕೇಂದ್ರ ಮತ್ತು ರಾಜ್ಯದ ಯಾವ ಅಧಿಕಾರಿ ವ್ಯಾಪ್ತಿಗೆ ಬರುತ್ತದೆ ಎಂಬುದು ತೆರೆದುಕೊಳ್ಳುತ್ತದೆ. ಒಂದು ನಿಮಿಷದ ಕೆಲಸ. ಇದನ್ನು ನೋಡದೆ ವರ್ಷಗಟ್ಟಲೆ ಕೂರುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಮೂನೆ 26ಎಎಸ್, ಮತ್ತು ಎಐಎಸ್ ಅಂದರೆ ವಾರ್ಷಿಕ ಮಾಹಿತಿ ವಿವರಣೆ. ಮೊದಲನೆಯದರಲ್ಲಿ ಮೂಲದಲ್ಲಿ ಕಡಿತವಾದ ತೆರಿಗೆ (ಟಿಡಿಎಸ್). ಎರಡನೆಯದರಲ್ಲಿ ಬಡ್ಡಿ, ನಗದು ಠೇವಣಿ, ಆಸ್ತಿ, ಷೇರು, ಹೀಗೆ ವಿವರವಾಗಿ. ಎಐಎಸ್ ಬಂದದ್ದು 2021ರ ನವೆಂಬರಿನಲ್ಲಿ. ಅದರ ಹಿಂದಿನ ಕಾಲದಲ್ಲಿ ಸಂತ್ರಸ್ತರಿಗೆ ಇಷ್ಟು ವಿವರವಾಗಿ ಇಣುಕಿ ನೋಡಲು ಕಿಂಡಿ ಇರಲಿಲ್ಲ. ಸಾಲದ ವಿಷಯಕ್ಕೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ನಾಲ್ಕನ್ನೂ ಒಟ್ಟಿಗೆ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಾವಲು ಇದ್ದಂತಾಗುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳನ್ನೂ ನೋಡಿಬಿಡಿ. ಇಂಥ ವಂಚನೆ ಶುರುವಾಗುವುದು ಎಷ್ಟೋ ಸಲ ಒಂದು ಸಿಮ್‌ನಿಂದ.

ಎಐಎಸ್‌ನಲ್ಲಿ ಅಪರಿಚಿತ ನಮೂದು ಕಂಡೊಡನೆ ಕಳವು ಎಂದು ಕೂಗಬೇಡಿ. ಹಲವು ಸಲ ಅದು ಕೈತಪ್ಪು. ಪ್ಯಾನ್ ಎಂದರೆ ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಟೈಪ್ ಮಾಡುವಾಗ ಒಂದು ಅಂಕಿ ಆಚೀಚೆಯಾದರೆ ಸಾಕು. ನಮೂದು ಒಂದೇ ಇದ್ದು, ಮೊತ್ತ ಸಣ್ಣದಿದ್ದು, ತೆರಿಗೆ ಕಡಿತಗೊಳಿಸಿದ ಸಂಸ್ಥೆಯ ಹೆಸರು ನಿಜವಾದದ್ದಿದ್ದರೆ ಆ ಸಂಸ್ಥೆಯ ಲೆಕ್ಕ ವಿಭಾಗಕ್ಕೆ ಬರೆಯಿರಿ. ಅವರು ಟಿಡಿಎಸ್ ತಿದ್ದುಪಡಿ ವಿವರಣೆ ಸಲ್ಲಿಸಿದರೆ ಮುಗಿಯಿತು. ಆ ಟಿಡಿಎಸ್ ಮೊತ್ತವನ್ನು ಮಾತ್ರ ಯಾವ ಕಾರಣಕ್ಕೂ ನಿಮ್ಮ ರಿಟರ್ನ್‌ನಲ್ಲಿ ತೋರಿಸಿ ರೀಫಂಡ್ ಕೇಳಬೇಡಿ. ಪುಗಸಟ್ಟೆ ಬಂತು ಎಂದು ಕೇಳಿದವರು ಆ ಆದಾಯವೂ ತಮ್ಮದೇ ಎಂದು ಒಪ್ಪಿಕೊಂಡಂತೆ.

ನಮೂದುಗಳು ಹಲವಿದ್ದರೆ, ಹಲವು ವರ್ಷ ಹಬ್ಬಿದ್ದರೆ, ಕಾಣದ ಊರಿನ ಬ್ಯಾಂಕ್ ಖಾತೆಯಿದ್ದರೆ ಅದು ಬೇರೆ ಮಾತು. ಆಗ ಪ್ರತಿಯೊಂದು ಸಾಲಿಗೂ ಎಐಎಸ್‌ನಲ್ಲೇ ಪ್ರತಿಕ್ರಿಯೆ ಕೊಡಿ. ಅಲ್ಲಿ ಮಾಹಿತಿ ಬೇರೆ ಪ್ಯಾನ್‌ಗೆ ಅಥವಾ ಬೇರೆ ವರ್ಷಕ್ಕೆ ಸೇರಿದ್ದು ಎಂಬುದು ಒಂದು ಆಯ್ಕೆ, ಮಾಹಿತಿಯನ್ನು ನಿರಾಕರಿಸುತ್ತೇನೆ ಎಂಬುದು ಇನ್ನೊಂದು. ಯಾರ ಪ್ಯಾನ್ ಎಂದು ಗೊತ್ತಿಲ್ಲದಾಗ ಎರಡನೆಯದೇ ಸರಿ. ನಿಮ್ಮ ನಿರಾಕರಣೆ ಮಾಹಿತಿ ಕೊಟ್ಟ ಸಂಸ್ಥೆಗೆ ಹೋಗುತ್ತದೆ. ಅವರು ಒಪ್ಪಿದರೋ ಇಲ್ಲವೋ ಎಂಬ ಸ್ಥಿತಿ 2024ರ ಮೇ ತಿಂಗಳಿಂದ ಎಐಎಸ್‌ನಲ್ಲೇ ಕಾಣುತ್ತದೆ. ಇದರ ಬಲ ಎಷ್ಟು ಎಂಬುದನ್ನೂ ತಿಳಿದಿರಬೇಕು. ಬ್ಯಾಂಕಿನವರು ತಮ್ಮ ಕಂಪ್ಯೂಟರಿನಲ್ಲಿ ನೋಡಿದರೆ ಖಾತೆಗೆ ನಿಮ್ಮದೇ ಪ್ಯಾನ್ ಇದೆ, ಹಾಗಾಗಿ ಮಾಹಿತಿ ಸರಿ ಎಂದೇ ಉತ್ತರಿಸುತ್ತಾರೆ. ಅಲ್ಲಿಗೆ ನಿರಾಕರಣೆಯ ಬೆಲೆ ಇಷ್ಟೇ: ಗೊತ್ತಾದ ದಿನವೇ ನೀವು ಆಕ್ಷೇಪಿಸಿದ್ದೀರಿ ಎಂಬುದಕ್ಕೆ ದಿನಾಂಕ ಸಹಿತ ದಾಖಲೆ. ಮುಂದೆ ಅದು ತುಂಬ ಕೆಲಸಕ್ಕೆ ಬರುತ್ತದೆ, ಕೊಟ್ಟ ಸ್ವೀಕೃತಿಯ ಪಿಡಿಎಫ್ ಇಟ್ಟುಕೊಳ್ಳಿ.

ನೋಟಿಸ್ ಬಂತು ಎನ್ನೋಣ. ಮೊದಲು ಅದು ಅಸಲಿಯೇ ಎಂದು ನೋಡಬೇಕು. ತೆರಿಗೆ ನೋಟಿಸಿನ ಹೆಸರಿನಲ್ಲೇ ಎಷ್ಟು ಮೋಸ ನಡೆಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ ದಾಖಲೆ ಗುರುತಿನ ಸಂಖ್ಯೆ, ಡಿನ್, ಇರಲೇಬೇಕು. ಪೋರ್ಟಲ್‌ನ ಮುಖಪುಟದಲ್ಲೇ ಅದನ್ನು ಪರೀಕ್ಷಿಸುವ ಕೊಂಡಿಯಿದೆ. ಅಸಲಿಯಾದರೆ ಸೆಕ್ಷನ್ ಯಾವುದು, ಕರ ನಿರ್ಧಾರಣಾ ವರ್ಷ ಯಾವುದು, ಉತ್ತರಕ್ಕೆ ಕೊನೆಯ ದಿನ ಯಾವುದು ಎಂಬ ಮೂರನ್ನು ಗುರುತು ಹಾಕಿಕೊಳ್ಳಿ. 2026ರ ಏಪ್ರಿಲ್‌ನಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಆದರೆ ಹಳೆಯ ವರ್ಷಗಳ ಕಡತಗಳು 1961ರ ಕಾಯ್ದೆಯವೇ, ಆದ್ದರಿಂದ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಹೇಳುತ್ತಿದ್ದೇನೆ.

ಸಾಮಾನ್ಯವಾಗಿ ಬರುವುದು 148ಎ ಸೆಕ್ಷನ್‌ನ ಕಾರಣ ಕೇಳುವ ನೋಟಿಸ್: ನಿಮ್ಮ ಇಂಥ ವಹಿವಾಟು ತೆರಿಗೆ ತಪ್ಪಿಸಿಕೊಂಡಂತಿದೆ, ಮರುನಿರ್ಧಾರಣೆ ಯಾಕೆ ಮಾಡಬಾರದು ಎಂದು. ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಅಗ್ಗದ ಮೆಟ್ಟಿಲು ಇದೇ. ಇಲ್ಲಿ ಗಟ್ಟಿಯಾಗಿ ಉತ್ತರಿಸಿದರೆ ಕಡತ ಇಲ್ಲೇ ಮುಚ್ಚಬಹುದು. ಬಿಟ್ಟರೆ 148ರ ನೋಟಿಸ್, ಆಮೇಲೆ ನಿರ್ಧಾರಣೆ, ಆಮೇಲೆ ಬೇಡಿಕೆ. ಬೇಡಿಕೆಯ ಗಾತ್ರ ಹೇಗೆ ಬೆಳೆಯುತ್ತದೆ ನೋಡಿ. ಖಾತೆಗೆ ಬಿದ್ದ 40 ಲಕ್ಷ ನಗದಿಗೆ ವಿವರಣೆ ಇಲ್ಲ ಎಂದಾದರೆ 69ಎ ಸೆಕ್ಷನ್‌ನಡಿ ಅದು ವಿವರಿಸಲಾಗದ ಹಣ. ಹಳೆಯ ವರ್ಷಗಳಿಗೆ 115ಬಿಬಿಇ ಪ್ರಕಾರ 60% ತೆರಿಗೆ, ಅದರ ಮೇಲೆ 25% ಸರ್‌ಚಾರ್ಜ್, ಮೇಲೆ 4% ಸೆಸ್, ಒಟ್ಟು 78%. ಅಂದರೆ 31.2 ಲಕ್ಷ. ಐದು ವರ್ಷ ತಡವಾಗಿ ತೆರೆದ ಕಡತವಾದರೆ 234ಎ, 234ಬಿ ಬಡ್ಡಿ ಸೇರಿ ಬೇಡಿಕೆ ಆ 40 ಲಕ್ಷವನ್ನೇ ದಾಟುತ್ತದೆ. ದಂಡದ ಮಾತು ಬೇರೆ.

ಉತ್ತರದಲ್ಲಿ ಏನು ಬರೆಯಬೇಕು? "ಇದು ನನ್ನ ವಹಿವಾಟಲ್ಲ" ಎಂಬ ಅಫಿಡವಿಟ್ ಒಂದನ್ನೇ ಕೊಟ್ಟು ಕೈಕಟ್ಟಿ ಕೂರುವುದು ಎಲ್ಲರೂ ಮಾಡುವ ತಪ್ಪು. ಅಫಿಡವಿಟ್ ಬೇಕು, ಆದರೆ ಅಧಿಕಾರಿಯ ಮೇಜಿನ ಮೇಲೆ ನಿಮ್ಮ ಪ್ಯಾನ್ ಇರುವ ದಾಖಲೆ ಇದೆ. ಅದನ್ನು ಮಾತಿನಿಂದ ಅಲುಗಿಸಲಾಗದು. ಬೇಕಾದದ್ದು ಆ ಖಾತೆ ತೆರೆಯುವಾಗ ಕೊಟ್ಟ ಕಾಗದಗಳು: ಅರ್ಜಿ, ಫೋಟೊ, ಸಹಿ, ವಿಳಾಸದ ಪುರಾವೆ, ಮೊಬೈಲ್ ನಂಬರು, ಹಣ ಎಲ್ಲಿಗೆ ಹೋಯಿತು ಎಂಬ ಸ್ಟೇಟ್‌ಮೆಂಟ್. ವಿಪರ್ಯಾಸ ಏನೆಂದರೆ ಬ್ಯಾಂಕಿಗೆ ಹೋಗಿ ಕೇಳಿದರೆ ನಿಮ್ಮ ಸಹಿ ಖಾತೆಯ ಸಹಿಗೆ ಹೊಂದುವುದಿಲ್ಲ ಎಂದು ಕೊಡುವುದಿಲ್ಲ. ಆ ನಿರಾಕರಣೆಯನ್ನೇ ಲಿಖಿತವಾಗಿ ಕೇಳಿ ಪಡೆಯಿರಿ. ಖಾತೆ ನಿಮ್ಮದಲ್ಲ ಎಂಬುದಕ್ಕೆ ಬ್ಯಾಂಕೇ ಕೊಟ್ಟ ಪುರಾವೆ ಅದು. ಕೊಡದಿದ್ದರೆ ಲಿಖಿತ ದೂರು ಕೊಟ್ಟು, 30 ದಿನ ಕಾದು, ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅದರೊಂದಿಗೆ ತೆರಿಗೆ ಅಧಿಕಾರಿಗೇ ಬರೆಯಿರಿ: 133(6) ಸೆಕ್ಷನ್‌ನಡಿ ಬ್ಯಾಂಕಿನಿಂದ ಖಾತೆ ತೆರೆದ ದಾಖಲೆಗಳನ್ನು ತರಿಸಿ, ಅದರ ಪ್ರತಿ ನನಗೆ ಕೊಡಿ, ನನ್ನ ಸಹಿ ಮತ್ತು ಫೋಟೊ ಜೊತೆ ಹೋಲಿಸಿ, ಮಾಹಿತಿ ಕೊಟ್ಟವರನ್ನು ಪಾಟೀಸವಾಲು ಮಾಡಲು ಅವಕಾಶ ಕೊಡಿ. ಹೀಗೆ ಕೇಳಿದ್ದು ಕಡತದಲ್ಲಿರಬೇಕು. ಅಧಿಕಾರಿ ತರಿಸದೆ ಆದೇಶ ಹೊರಡಿಸಿದರೆ ಮೇಲ್ಮನವಿಯಲ್ಲಿ ನಿಮ್ಮ ಅತಿ ಬಲವಾದ ಅಂಶ ಅದೇ ಆಗುತ್ತದೆ. ಪಾಟೀಸವಾಲಿಗೆ ಅವಕಾಶ ಕೊಡದಿರುವುದು ಗಂಭೀರ ದೋಷ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಕಡೆಯಿಂದ ಆ ಅವಧಿಯಲ್ಲಿ ನೀವು ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂಬುದಕ್ಕೆ ಕಾಗದ: ಸಂಬಳದ ಚೀಟಿ, ಹಾಜರಿ ಪುಸ್ತಕದ ನಕಲು, ನರೇಗಾ ಜಾಬ್ ಕಾರ್ಡ್, ನಿಮ್ಮ ನಿಜವಾದ ಖಾತೆಯ ಪಾಸ್‌ಬುಕ್, ರೇಷನ್ ಕಾರ್ಡ್, ಮಕ್ಕಳ ಶಾಲೆಯ ಪ್ರಮಾಣಪತ್ರ. ಪಾಸ್‌ಬುಕ್‌ಗೆ ಇರುವ ಬೆಲೆ ದೊಡ್ಡದು. ಬೇರೆ ಖಾತೆಯಲ್ಲಿ 40 ಲಕ್ಷ ಓಡಾಡಿದ ವರ್ಷದಲ್ಲೇ ನಿಮ್ಮ ಖಾತೆಯಲ್ಲಿ ಕನಿಷ್ಠ ಶಿಲ್ಕೂ ಇರಲಿಲ್ಲ ಎಂಬುದು ಹತ್ತು ಪುಟದ ವಾದಕ್ಕಿಂತ ಹೆಚ್ಚು ಹೇಳುತ್ತದೆ.

ಪೊಲೀಸ್ ದೂರಿಲ್ಲದೆ ಈ ಯಾವುದೂ ನಿಲ್ಲುವುದಿಲ್ಲ. ಠಾಣೆಯವರು ಇದು ಟ್ಯಾಕ್ಸ್ ವಿಷಯ ಎನ್ನುತ್ತಾರೆ, ಟ್ಯಾಕ್ಸ್ ಕಚೇರಿಯವರು ಮೊದಲು ಎಫ್‌ಐಆರ್ ತನ್ನಿ ಎನ್ನುತ್ತಾರೆ. ಆದ್ದರಿಂದ ದೂರಿನಲ್ಲಿ ತೆರಿಗೆಯ ಮಾತು ಕಡಿಮೆಯಿರಲಿ, ಅಪರಾಧದ ಮಾತು ಹೆಚ್ಚಿರಲಿ: ನನ್ನ ಹೆಸರಿನಲ್ಲಿ ಸುಳ್ಳು ದಾಖಲೆ ಸೃಷ್ಟಿಸಿ, ನಾನೇ ಎಂದು ನಟಿಸಿ, ಇಂಥ ದಿನ ಇಂಥ ಖಾತೆ ಅಥವಾ ನೋಂದಣಿ ಪಡೆದಿದ್ದಾರೆ. ಇದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318, 319, 336, 340, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಅನ್ವಯಿಸುತ್ತವೆ. 66ಸಿ ಗುರುತಿನ ಕಳವಿಗೆಂದೇ ಇರುವ ಸೆಕ್ಷನ್. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. 2024ರ ಜುಲೈ 1ಕ್ಕೂ ಹಿಂದಿನ ಕೃತ್ಯವಾದರೆ ಐಪಿಸಿ ಸೆಕ್ಷನ್‌ಗಳು. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗಳಿವೆ, ಅಲ್ಲಿಗೆ ಹೋಗುವುದು ಲೇಸು. ವ್ಯಾಪ್ತಿ ನಮ್ಮದಲ್ಲ ಎಂದರೆ ಝೀರೋ ಎಫ್‌ಐಆರ್ ಕೇಳಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ಒಪ್ಪದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ಎಫ್‌ಐಆರ್ ಆಯಿತೆಂದು ತೆರಿಗೆ ತಾನಾಗಿ ರದ್ದಾಗುವುದಿಲ್ಲ. ಎರಡೂ ಬೇರೆ ಬೇರೆ ಹಳಿಗಳ ಮೇಲೆ ಓಡುತ್ತವೆ.

ಈ ಜಾಗದಲ್ಲಿ ಒಂದು ಕಹಿ ಮಾತು. ತಿಂಗಳಿಗೆ ಇಷ್ಟು ಎಂದು ದುಡ್ಡು ಪಡೆದು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಎಲ್ಲವನ್ನೂ ಬೇರೆಯವರ ಕೈಗೆ ಕೊಟ್ಟವರು ಕಳವಾಯಿತು ಎಂದು ದೂರು ಕೊಟ್ಟರೆ ತನಿಖೆ ಅವರ ಮೇಲೇ ತಿರುಗುತ್ತದೆ. ಕಾಲೇಜು ಹುಡುಗರು ಇದನ್ನು ಸುಲಭದ ಪಾಕೆಟ್ ಮನಿ ಎಂದುಕೊಂಡಿದ್ದಾರೆ. ಅಂಥವರು ಯಾವ ಕಾಗದಕ್ಕೂ ಸಹಿ ಮಾಡುವ ಮೊದಲು ವಕೀಲರನ್ನು ನೋಡಬೇಕು. ಸರ್ಕಾರಿ ಯೋಜನೆ ಎಂದು ನಂಬಿ ಹೆಬ್ಬೆಟ್ಟು ಒತ್ತಿದವರ ಸ್ಥಿತಿ ಬೇರೆ; ಅವರು ಯಾರು ಕರೆದರು, ಎಲ್ಲಿ ಒತ್ತಿಸಿದರು, ಊರಲ್ಲಿ ಇನ್ನಾರು ಒತ್ತಿದರು ಎಂಬುದನ್ನು ದೂರಿನಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಒಂದೇ ಓಣಿಯ ಹತ್ತು ಮಂದಿ ಸೇರಿ ಕೊಟ್ಟ ದೂರಿಗೆ ತೂಕ ಬೇರೆಯೇ.

ಆದೇಶ ಆಗಿಹೋಗಿದ್ದರೆ? ಬೇಡಿಕೆ ನೋಟಿಸ್ ಜಾರಿಯಾದ 30 ದಿನದೊಳಗೆ ಆಯುಕ್ತರಿಗೆ (ಮೇಲ್ಮನವಿ) ನಮೂನೆ 35. ನಿರ್ಧರಿಸಿದ ಆದಾಯ ಎರಡು ಲಕ್ಷ ದಾಟಿದ್ದರೆ ಶುಲ್ಕ ಒಂದು ಸಾವಿರ. ಕಳ್ಳನ ಇಮೇಲಿಗೆ ಹೋದ ಆದೇಶ ನಿಮಗೆ ಸಿಕ್ಕಿದ್ದು ತಡವಾಗಿ ಎಂದಾದರೆ ವಿಳಂಬ ಮನ್ನಾ ಅರ್ಜಿ ಜೊತೆಗಿರಲಿ. ಪ್ರೊಫೈಲ್‌ನ ಆ ಸ್ಕ್ರೀನ್‌ಶಾಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ರಿಟರ್ನ್ ಹಾಕಿರದವರು ಬೀಳುವ ಒಂದು ಗುಂಡಿ ಇದೆ. 249(4) ಪ್ರಕಾರ ಅವರು ಮುಂಗಡ ತೆರಿಗೆಯಷ್ಟು ಹಣ ಕಟ್ಟದೆ ಮೇಲ್ಮನವಿ ಸ್ವೀಕಾರವಾಗುವುದಿಲ್ಲ. ಆದರೆ ಸಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ ಆಯುಕ್ತರಿಗಿದೆ. ಅದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಬೇಕು. ಕೇಳದಿದ್ದರೆ ಮೇಲ್ಮನವಿ ಒಳಗಿನ ವಿಷಯಕ್ಕೆ ಹೋಗದೆ ಬಾಗಿಲಲ್ಲೇ ಬೀಳುತ್ತದೆ. ಮೇಲ್ಮನವಿ ಬೇಡವೆಂದರೆ 264ರಡಿ ಪ್ರಧಾನ ಆಯುಕ್ತರಿಗೆ ಪರಿಷ್ಕರಣೆ ಅರ್ಜಿ. ಒಂದು ವರ್ಷ ಸಮಯ, 500 ರೂಪಾಯಿ ಶುಲ್ಕ. ಎರಡೂ ದಾರಿ ಒಟ್ಟಿಗೆ ಹಿಡಿಯುವಂತಿಲ್ಲ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲದು. 220(6)ರಡಿ ತಡೆ ಕೇಳಿದರೆ ವಿವಾದಿತ ಮೊತ್ತದ 20% ಕಟ್ಟಿ ಎನ್ನುತ್ತಾರೆ. 31 ಲಕ್ಷಕ್ಕೆ ಆರು ಲಕ್ಷದ ಮೇಲಾಯಿತು, ಕೂಲಿಯವರು ಎಲ್ಲಿಂದ ತರುವುದು? ಆ 20% ಕಲ್ಲಿನ ಮೇಲಿನ ಗೆರೆಯಲ್ಲ. ಅಧಿಕಾರಿಗಳು ಅದಕ್ಕಿಂತ ಕಡಿಮೆ ಕಟ್ಟಿಸಿಕೊಂಡೂ ತಡೆ ಕೊಡಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಎಫ್‌ಐಆರ್, ಬ್ಯಾಂಕಿನ ನಿರಾಕರಣೆ ಪತ್ರ, ಆದಾಯ ಪ್ರಮಾಣಪತ್ರ ಲಗತ್ತಿಸಿ ಪೂರ್ಣ ತಡೆ ಕೇಳಿ. ಸಿಗದಿದ್ದರೆ ಹೈಕೋರ್ಟ್, ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರ ಖರ್ಚಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಾರ್ಮಿಕರಿಗೆ, ಕಡಿಮೆ ಆದಾಯದವರಿಗೆ ನೆರವು ಉಚಿತ, ಸಹಾಯವಾಣಿ 15100. ತೆರಿಗೆ ವಿಷಯಕ್ಕೆ ಅಲ್ಲಿಗೆ ಹೋಗಬಹುದೆಂದೇ ಹೆಚ್ಚಿನವರಿಗೆ ತಿಳಿದಿಲ್ಲ.

ನಕಲಿ ಜಿಎಸ್‌ಟಿ ನೋಂದಣಿಯಾದರೆ ಪತ್ರ ಎರಡು ಕಡೆಗೆ ಹೋಗಬೇಕು, ಪ್ಯಾನ್ ಹುಡುಕಾಟದ ಪುಟದಲ್ಲಿ ಕಂಡ ಕೇಂದ್ರದ ಅಧಿಕಾರಿಗೂ ರಾಜ್ಯದ ಅಧಿಕಾರಿಗೂ. ಕೇಳಬೇಕಾದದ್ದು ಜಿಎಸ್‌ಟಿ ಕಾಯ್ದೆಯ 29(2)(ಇ) ಅಡಿ, ವಂಚನೆಯಿಂದ ಪಡೆದ ನೋಂದಣಿ ಎಂಬ ಕಾರಣಕ್ಕೆ, ನೋಂದಣಿಯಾದ ದಿನದಿಂದಲೇ ರದ್ದು. ಇಂದಿನಿಂದ ರದ್ದು ಮಾಡಿಸಿಕೊಂಡರೆ ಹಿಂದಿನ ಅವಧಿಯ ಬಿಲ್ಲುಗಳು ನಿಮ್ಮವೇ ಎಂದಾಗುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಲಾಗಿನ್ ಹೇಗೋ ಪಡೆದು, ಬಾಕಿ ರಿಟರ್ನ್‌ಗಳನ್ನು ಸೊನ್ನೆ ಎಂದು ತುಂಬಿ, ಸ್ವಂತವಾಗಿ ರದ್ದತಿ ಅರ್ಜಿ ಹಾಕುವುದು. ಅದು ವ್ಯಾಪಾರ ನನ್ನದೇ ಎಂದು ಒಪ್ಪಿದ ಹಾಗೆ. ಹಾಗೆ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರಿಂದ ದೂರವಿರಿ. ಬ್ಯಾಂಕ್ ಖಾತೆಯನ್ನು 83ನೇ ಸೆಕ್ಷನ್‌ನಡಿ ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಂಡಿದ್ದರೆ ಡಿಆರ್‌ಸಿ-22ಎ ನಮೂನೆಯಲ್ಲಿ ಆಕ್ಷೇಪಣೆ ಸಲ್ಲಿಸಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಸಾಲು. ಅಲ್ಲಿ ಇ-ಫೈಲ್ ಮಾಡಿದಾಗ ಈ ಸಂಖ್ಯೆಯಲ್ಲಿ ಆಗಲೇ ರಿಟರ್ನ್ ಬಂದಿದೆ ಎಂದು ತಿರಸ್ಕಾರವಾದರೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಗುರುತಿನ ಕಳವಿನ ದೂರು, ನಮೂನೆ 14039. ಅದಕ್ಕೂ ಮೊದಲು ಐಆರ್‌ಎಸ್ ಕೊಡುವ ಆರಂಕಿಯ ಗುಪ್ತಸಂಖ್ಯೆ, ಐಪಿ ಪಿನ್, ಪಡೆದುಕೊಂಡಿದ್ದರೆ ಕಳ್ಳನ ಇ-ಫೈಲ್ ರಿಟರ್ನ್ ಒಳಗೇ ಹೋಗುತ್ತಿರಲಿಲ್ಲ. 2021ರಿಂದ ಗುರುತು ಸಾಬೀತು ಮಾಡುವ ಯಾರಿಗೂ ಅದು ಸಿಗುತ್ತದೆ, ಪ್ರತಿ ವರ್ಷ ಹೊಸದು. ಊರಿಗೆ ವಾಪಸಾದವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಅಲ್ಲೇ ಜೀವಂತ ಇರುತ್ತದೆ ಎಂಬುದು ನೆನಪಿರಲಿ. ಅಲ್ಲಿದ್ದುಕೊಂಡು ಇಲ್ಲಿ ಪ್ಯಾನ್ ಇಟ್ಟುಕೊಂಡವರು, ಬಾಡಿಗೆ ನೋಡಿಕೊಳ್ಳುವವರಿಗೆ ಲಾಗಿನ್ ಕೊಟ್ಟಿದ್ದರೆ, ವರ್ಷಕ್ಕೊಮ್ಮೆಯಾದರೂ ಎಐಎಸ್ ತಾವೇ ತೆಗೆದು ನೋಡಬೇಕು.

ಕಡೆಯದಾಗಿ, ಒಂದು ವರ್ಷದ ಕಡತ ಗೆದ್ದವರಿಗೆ ಮರುವರ್ಷ ಅದೇ ಖಾತೆಯ ಮೇಲೆ ಇನ್ನೊಂದು ನೋಟಿಸ್ ಬರುವುದು ಸಾಮಾನ್ಯ. ಆದಾಯ ತೆರಿಗೆಯಲ್ಲಿ ಪ್ರತಿ ವರ್ಷವೂ ಪ್ರತ್ಯೇಕ; ಒಬ್ಬ ಅಧಿಕಾರಿ ಒಪ್ಪಿದ್ದು ಇನ್ನೊಬ್ಬರ ಪರದೆಗೆ ತಾನಾಗಿ ಹೋಗುವುದಿಲ್ಲ. ಖಾತೆ ಎಷ್ಟು ವರ್ಷ ಓಡಿತೋ ಅಷ್ಟು ವರ್ಷಗಳ ಎಐಎಸ್ ಮೊದಲೇ ಇಳಿಸಿಕೊಂಡು, ಬ್ಯಾಂಕಿಗೆ ಪ್ಯಾನ್ ಜೋಡಣೆ ಕಳಚಲು ಮತ್ತು ಹಿಂದಿನ ವರ್ಷಗಳ ವರದಿಯನ್ನು ತಿದ್ದಿ ಕಳಿಸಲು ಬರೆಯಿರಿ. ಗೆದ್ದ ವರ್ಷದ ಆದೇಶದ ಪ್ರತಿಯನ್ನು ಮುಂದಿನ ಉತ್ತರದ ಮೊದಲ ಲಗತ್ತಾಗಿ ಹಾಕಿ, ಎಫ್‌ಐಆರ್ ಎರಡನೆಯದಾಗಿರಲಿ.